ಅವ್ವ ಕೊಟ್ಟ ಪದ, ನಾಕೂರು ಬಿಟ್ಟ ನುಡಿ

ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟ ವೀಳ್ಯದೆಲೆಗೆ ಬೆಳಿಗ್ಗೆ ಒಂದು ವಾಸನೆ ಇರುತ್ತದೆ. ಬಿಚ್ಚಿದ ಕೂಡಲೇ ಮೂಗಿಗೆ ಖಾರ ಬಡಿಯುತ್ತದೆ, ಆಮೇಲೆ ತಣ್ಣಗಾಗುತ್ತದೆ. ಸವಣೂರಿಗೆ ಸೊಸೆಯಾಗಿ ಬಂದು ಇಪ್ಪತ್ತೆಂಟು ವರ್ಷವಾಯಿತು, ದಿನಾ ಮೂಗಿಗೆ ಬೀಳುವ ವಾಸನೆ, ಅದರ ಮೇಲೆ ಯಾರೂ ಲಕ್ಷ್ಯ ಕೊಡುವುದಿಲ್ಲ. ಆದರೆ ಶ್ರಾವಣದ ಮಳೆ ಹಿಡಿದಾಗ ಆ ಗಂಟು ಬಿಚ್ಚಿದರೆ ನನಗೆ ಈಗಲೂ ಕಿವಿಯಲ್ಲಿ ಡ್ರಮ್ಮು ಬಾರಿಸುತ್ತದೆ. ಏಳು ವರ್ಷದ ಹಿಂದೆ, ಒಂದು ಶ್ರಾವಣದಿಂದ ಸಂಕ್ರಾಂತಿಯವರೆಗೆ, ನಮ್ಮ ಎಲೆ ಶೆಡ್ಡಿನಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು. ಅದರ ಹೆಸರು ನಾಕೂರು. ಅಷ್ಟು ಮನಸ್ಸಿಟ್ಟು ನಾನು ಬೇರೆ ಯಾವ ಹಾಡುವವರನ್ನೂ ಕೇಳಿಲ್ಲ. ಅಷ್ಟು ಕೆಟ್ಟದಾಗಿ ನನ್ನ ಮನಸ್ಸನ್ನು ಬೇರೆ ಯಾರೂ ಮುರಿದಿಲ್ಲ.

ನಮ್ಮ ಮನೆಯವರದು ಎಲೆ ವ್ಯಾಪಾರ. ನಸುಕಿನಲ್ಲಿ ತೋಟದಿಂದ ಎಲೆ ಬರುತ್ತದೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಕೂತು ಆರಿಸಿ ಕಟ್ಟು ಕಟ್ಟುತ್ತಾರೆ. ಹನ್ನೆರಡರೊಳಗೆ ಗಾಡಿ ಯಲವಿಗಿ ಸ್ಟೇಷನ್ನಿನ ಕಡೆ ಹೊರಟುಬಿಡುತ್ತದೆ. ಆಮೇಲೆ ಶೆಡ್ಡು ಖಾಲಿ, ಬರೀ ತಂಪು. ಇದು ಗೊತ್ತಿದ್ದವನು ದಾದಾಪೀರ. ಎಲೆ ಆರಿಸಲು ಬರುವ ಮೆಹಬೂಬಿಯ ಹಿರಿಯ ಮಗ, ಎರಡು ಮಕ್ಕಳ ತಂದೆ, ತನ್ನಪ್ಪನ ಲಗ್ನದ ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವವನು. ಒಂದು ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾರ, ಊಟಾದ ಮ್ಯಾಲೆ ಶೆಡ್ಡು ಖಾಲಿ ಇರತೈತಲ್ರಿ. ನಾವು ನಾಕು ಮಂದಿ ಕೂಡಿ ಒಂದು ಬ್ಯಾಂಡ್ ಮಾಡೇವಿ. ಬಾರಸಾಕ ಜಾಗಾ ಇಲ್ಲ."

"ನಿಮ್ಮಪ್ಪಂದ ಐತಲ್ಲೋ ಬ್ಯಾಂಡು."

"ಅದು ಲಗ್ನದ್ದರಿ. ಇದು ರಾಕ್."

"ಅಂದ್ರ?"

ಅವನು ತಲೆ ಕೆರೆದುಕೊಂಡ. "ಅಂದ್ರ… ಮದಿಮಗ ಇಲ್ಲದ ಬಾರಸೂದ್ರಿ."

ಒಳಗೆ ಉಣ್ಣುತ್ತಿದ್ದ ನಮ್ಮ ಮನೆಯವರಿಗೆ ನಗೆ ತಡೆಯಲಾಗಲಿಲ್ಲ. "ಬಾರಸಲಿ ಬಿಡು, ಮದಿಮಗನ ಖರ್ಚು ಉಳೀತು" ಎಂದರು. ಸೋಮವಾರ ನಮ್ಮ ಪೂಜೆಯ ದಿನ, ಅಂದು ಬೇಡ ಎಂದೆ. ಶುಕ್ರವಾರ ತನ್ನ ನಮಾಜು ಮುಗಿಸಿ ಬರುತ್ತೇನೆ ಎಂದ. ಕರಾರು ಇಷ್ಟೇ.

ಉಳಿದ ಮೂವರು ಮರುದಿನ ಬಂದರು. ಗಿಟಾರಿನವನು ಮಂಜುನಾಥ, ಶಿಗ್ಗಾಂವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ದಪ್ಪ ತಂತಿಯ ಗಿಟಾರಿನವನು ಬಸನಗೌಡ, ಹಿರೇಕೆರೂರಿನವನು, ಮಾತು ಕಡಿಮೆ. ಹಾಡುವವಳು ಸವಿತಾ. ಹಾನಗಲ್ಲಿನ ಹುಡುಗಿ, ಒಂದು ಖಾಸಗಿ ಶಾಲೆಯಲ್ಲಿ ಟೀಚರು, ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹಿಡಿದು ಬರುವವಳು. ಬಂದವಳೇ ನನ್ನ ಕೈಯಿಂದ ಚಹಾದ ಕಪ್ಪು ತೆಗೆದುಕೊಂಡು, "ಅಕ್ಕಾ, ನಾ ತೊಳೀತೇನಿ, ನೀ ಕುಂದ್ರು" ಎಂದಳು. ಮೊದಲ ದಿನವೇ ನೀನು ಎಂದಳು. ನನಗೆ ಅದು ಹಿಡಿಸಿತು. ತಂಗಿ ಇಲ್ಲದವಳಿಗೆ ಅಷ್ಟು ಸಾಕಾಗುತ್ತದೆ.

ಆ ವರ್ಷ ನನ್ನ ಅವ್ವನೂ ನಮ್ಮ ಮನೆಯಲ್ಲಿದ್ದಳು. ಅವ್ವ, ನೀಲವ್ವ, ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯವಳು. ಎರಡೂ ಕಣ್ಣಿಗೆ ಪರೆ ಬಂದು, ಆಪರೇಷನ್ ಮಾಡಿಸಲು ಅಂತ ನಾನೇ ಕರೆದುಕೊಂಡು ಬಂದಿದ್ದೆ. ಊರಿನ ಭಜನಾ ಮೇಳದಲ್ಲಿ ನಲವತ್ತು ವರ್ಷ ಪದ ಹೇಳಿದವಳು. ಮೊದಲ ದಿನ ಶೆಡ್ಡಿನಿಂದ ಆ ಸಪ್ಪಳ ಎದ್ದಾಗ ನಾನು ಗಾಬರಿಯಾಗಿ ಅವ್ವನ ಮುಖ ನೋಡಿದೆ. ಪಕ್ಕದ ಮನೆಯ ಗಂಗಕ್ಕ ಆಗಲೇ ಗೋಡೆಯ ಮೇಲಿಂದ ತಲೆ ಹಾಕಿದ್ದಳು.

"ಗಿರಿಜಾ, ತಗಡು ಬಡ್ಯಾಕ ಯಾರನ್ನ ಕರಸೀಯವಾ? ನಿಮ್ಮ ಎಲಿ ಹೆದರಿ ಒಂದು ದಿನಾ ಮೊದಲ ಬಾಡತಾವ ನೋಡು."

ಅವ್ವ ಮಾತ್ರ ಗೋಡೆಗೆ ಒರಗಿ ಕಿವಿಯ ಹಿಂದೆ ಅಂಗೈ ಹಿಡಿದು ಕೇಳುತ್ತಿದ್ದಳು. ಪದ ಕೇಳುವಾಗ ಅವಳು ಹಾಗೆಯೇ ಕೂರುತ್ತಿದ್ದಳು. ಮುಗಿದ ಮೇಲೆ ದಾದಾಪೀರನನ್ನು ಕರೆದು, "ನಿನ್ನ ಕೈ ಛಲೋ ಐತಿ. ಆದರ ಹಾಡಾಕಿಗೆ ಉಸರು ತಗೊಳ್ಳಾಕ ಜಾಗಾನ ಬಿಡವಲ್ಲಿ. ನಾಕೂರಿನ ನೀರು ಕುಡದು ಬಂದೀರಿ, ಒಂದ ಕೊಡದಾಗ ಕೂಡಬೇಕಲ್ಲೋ" ಎಂದಳು.

ಸವಿತಾ ಆ ಮಾತು ಹಿಡಿದುಕೊಂಡಳು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಅಂದೇ ಶೆಡ್ಡಿನ ಕಂಬಕ್ಕೆ ಸುಣ್ಣದಲ್ಲಿ ಬರೆದಳು, ನಾಕೂರು ಎಂದು. ಎಲೆಗೆ ಹಚ್ಚುವ ಸುಣ್ಣ. ಅದು ಇವತ್ತಿಗೂ ಆ ಕಂಬದ ಮೇಲಿದೆ. ಎಷ್ಟೋ ಸಲ ಒದ್ದೆ ಅರಿವೆ ಹಿಡಿದು ಹೋಗಿದ್ದೇನೆ, ಒರೆಸದೆ ಬಂದಿದ್ದೇನೆ.

ರಾಕ್ ಎಂದರೆ ಏನೆಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಆದರೆ ದಿನಾ ಚಹಾ ಕೊಡಲು ಹೋಗಿ ನಿಲ್ಲುತ್ತಿದ್ದೆ. ತಿನ್ನಲು ಒಂದು ತಟ್ಟೆ ಖಾರ, ಐದು ಕಪ್ಪು ಚಹಾ, ಐದನೆಯದು ನನ್ನದು. ಮೊದಮೊದಲು ಎದೆ ಡವಡವ ಎನ್ನುತ್ತಿತ್ತು. ವಾರ ಕಳೆಯುವುದರೊಳಗೆ ಆ ಡ್ರಮ್ಮು ನಿಂತರೆ ಮನೆ ಬಿಕೋ ಎನ್ನತೊಡಗಿತು. ಮಗಳನ್ನು ಕೊಟ್ಟು ಕಳಿಸಿದ ವರ್ಷ ಅದು, ಮನೆಯಲ್ಲಿ ಪಾತ್ರೆಯ ಸಪ್ಪಳವೂ ಕಡಿಮೆಯಾಗಿತ್ತು. ಶಿವ ಒಂದು ಕಸಿದರೆ ಇನ್ನೊಂದು ಕೊಡುತ್ತಾನೆ ಎಂದು ದೇವರ ಜಗಲಿಯ ಮುಂದೆ ಕೈಮುಗಿದದ್ದು ನೆನಪಿದೆ.

ಗಣಪತಿ ಹಬ್ಬದಲ್ಲಿ ಹಾನಗಲ್ಲಿನ ಒಂದು ಪೆಂಡಾಲಿನಲ್ಲಿ ಅವರ ಮೊದಲ ಕಾರ್ಯಕ್ರಮ. ನಾನೂ ನಮ್ಮ ಮನೆಯವರೂ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೋದೆವು. ತಾವೇ ಬರೆದ ಮೂರು ಹಾಡು ಹೇಳಿದರು. ಮಂದಿ ಸಿನಿಮಾ ಹಾಡು ಬೇಕು ಎಂದು ಕೂಗಿದರು, ಒಬ್ಬ ತೆಂಗಿನಕಾಯಿ ಚಿಪ್ಪು ಒಗೆದ. ಅದು ಬಸನಗೌಡನ ಮೊಣಕಾಲಿಗೆ ಬಿತ್ತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸವಿತಾ ನನ್ನ ಹೆಗಲಿಗೆ ತಲೆ ಇಟ್ಟು, "ನಮ್ಮ ಊರಾಗ ನಮಗ ಹಿಂಗಾತಲ್ಲ ಅಕ್ಕಾ" ಎಂದು ಅತ್ತಳು. ಅವಳ ತಲೆಗೆ ಹಾಕಿದ್ದ ಮಲ್ಲಿಗೆ ನನ್ನ ಸೆರಗಿಗೆ ಅಂಟಿತ್ತು. ಮನೆಗೆ ಬಂದು ಬಿಡಿಸಿ ದೇವರ ಮುಂದಿಟ್ಟೆ, ಈ ಹುಡುಗಿಗೆ ಒಂದು ಒಳ್ಳೆಯ ಹಾಡು ಕೊಡಪ್ಪಾ ಎಂದು ಬೇಡಿಕೊಂಡೆ.

ಬೇಡಿಕೊಂಡದ್ದನ್ನು ಶಿವ ಕೇಳಿಸಿಕೊಂಡ. ಅದಕ್ಕೂ ಎಚ್ಚರ ಇರಬೇಕು ಎಂದು ಆಮೇಲೆ ಗೊತ್ತಾಯಿತು.

ಮಾನವಮಿ ಮುಗಿದ ಮೇಲೆ ಒಂದು ದಿನ ಅವ್ವ ಹಿತ್ತಲಲ್ಲಿ ಕೂತು, ಕಣ್ಣು ಕಾಣದಿದ್ದರೂ ಬೆರಳಿನಿಂದಲೇ ಎಳೆ ಎಲೆ ಬಲಿತ ಎಲೆ ಬೇರೆ ಮಾಡುತ್ತಾ ತನ್ನಷ್ಟಕ್ಕೆ ಪದ ಹೇಳಿಕೊಳ್ಳುತ್ತಿದ್ದಳು.

ಯಾರ ಹೊಲದ ಕಾಳೋ ನೀನು
ಯಾರ ಚೀಲದಾಗ ನಿಂತೀಯೋ

ಅವಳ ಗುರುವಿನ ಪದ ಅದು. ಬೆಂಡಿಗೇರಿಯ ಒಂದು ಸಣ್ಣ ಮಠದಲ್ಲಿದ್ದ ಅಜ್ಜ, ಒಕ್ಕಲುತನ ಮಾಡಿಕೊಂಡೇ ಪದ ಕಟ್ಟಿದವರು. ಎಲ್ಲಿಯೂ ಅಚ್ಚಾಗಿಲ್ಲ. ಅವ್ವನ ಬಾಯಲ್ಲಿತ್ತು, ಅವ್ವನಿಂದ ನನ್ನ ಬಾಯಿಗೆ ಬಂದಿತ್ತು, ಅಷ್ಟೇ. ನಾಲ್ಕು ನುಡಿಯ ಪದ. ಮೊದಲ ಮೂರು ನುಡಿಯಲ್ಲಿ ಬರೀ ಪ್ರಶ್ನೆ. ಕೊನೆಯ ನುಡಿಯಲ್ಲಿ ಉತ್ತರ, ಗುರು ಬೀಜ ಬಿತ್ತುವ ಕೂರಿಗೆಯಿಂದ ಬಂದ ಕಾಳು ನಾನು ಎಂದು.

ಬಿತ್ತಿದ ಕೈಯಿ ಕೇಳಿದರ ಹೇಳೋ
ಹೊತ್ತ ಹೆಗಲು ಕೇಳಿದರ ಹೇಳೋ
ಬೆಂಡಿಗೇರಿ ಗುರುವಿನ ಕೂರಿಗ್ಯಾಗ
ಬಂದಾವ ನಾನಂತ ಹೇಳೋ

ಸವಿತಾ ಬಾಗಿಲಲ್ಲಿ ನಿಂತು ಕೇಳಿಬಿಟ್ಟಳು. ಓಡಿಬಂದು ಅವ್ವನ ಕಾಲ ಬಳಿ ಕೂತಳು. "ಆಯಿ, ಇದನ್ನ ನನಗ ಕೊಡು."

ನಮ್ಮ ಕಡೆಯ ಮೇಳದಲ್ಲಿ ಪದ ಕೊಡುವುದಕ್ಕೆ ಒಂದು ರೀತಿ ಇದೆ. ಕೇಳಿ ಬಂದವರಿಗೆ ಇಲ್ಲ ಎನ್ನಬಾರದು. ಆದರೆ ಕೇಳಿದವರು ಕೊಟ್ಟವರ ಕೈಯಿಂದ ಎಲೆ ಅಡಿಕೆ ಇಸಿದುಕೊಂಡು, ಅವರ ಎದುರಿಗೆ ತಿಂದು, ಉಗುಳದೆ ನುಂಗಬೇಕು. ನುಂಗಿದ ಮೇಲೆ ಪದ ಹೊಟ್ಟೆಗೆ ಸೇರಿತು. ಅದನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ, ಕಟ್ಟಿದವರ ಹೆಸರು ಇರುವ ನುಡಿಯನ್ನಂತೂ ಬಿಡುವ ಹಾಗೇ ಇಲ್ಲ. ಅವ್ವ ಇದನ್ನೆಲ್ಲಾ ಹೇಳಿ, ಒಂದು ಒಳ್ಳೆಯ ಎಲೆ ಆರಿಸಿ, ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಮಡಚಿ ಕೊಟ್ಟಳು.

ಸವಿತಾ ಎರಡೂ ಕೈಯಿಂದ ಇಸಿದುಕೊಂಡಳು, ಹಣೆಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, ಹಲ್ಲು ತೋರಿಸಿ, ಕೈಯಿಂದ ಫೋಟೋ ತೆಗೆಯುವ ಹಾಗೆ ಸನ್ನೆ ಮಾಡಿದಳು. ಸಂಜೆಗೆ ಪೋಸ್ಟರಿನ ಫೋಟೋ ಇತ್ತು, ಹಲ್ಲು ಕೆಂಪಾಗುತ್ತದೆ ಎಂದು. ಎಲೆಯನ್ನು ಸದ್ದಿಲ್ಲದೆ ಬ್ಯಾಗಿನ ಜೇಬಿಗೆ ಸೇರಿಸಿ, ಬರಿದೇ ಬಾಯಿ ಆಡಿಸಿದಳು.

ಅವ್ವ ಕೇಳಿದಳು, "ನುಂಗಿದೇನವಾ?"

"ಹೂಂ ಆಯಿ."

ಅವ್ವನ ಮುಖ ನನ್ನ ಕಡೆ ತಿರುಗಿತು. ನಾನು ಸುಮ್ಮನಿದ್ದೆ. ಒಂದು ಎಲೆಗೆ ಅಂತ ಹುಡುಗಿಯ ಮನಸ್ಸು ಯಾಕೆ ನೋಯಿಸಬೇಕು ಎನಿಸಿತು. ಅವಳು ನನ್ನನ್ನು ನೋಡಿ ನಕ್ಕಿದ್ದಳು. ಗುಟ್ಟಿನಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಳು. ಆ ನಗುವಿಗೆ ನಾನು ನನ್ನ ಅವ್ವನನ್ನು ಮಾರಿದೆ ಎಂದರೆ ಮಾತು ದೊಡ್ಡದಾದೀತು. ಆದರೆ ಸುಳ್ಳಾಗುವುದಿಲ್ಲ.

ಒಂಬತ್ತು ದಿನ ಕಲಿಸಿದಳು ಅವ್ವ. ಕುರುಡುಗಣ್ಣಿನ ಮುದುಕಿ ಶೆಡ್ಡಿನಲ್ಲಿ ಗೋಣಿಯ ಮೇಲೆ ಕೂತು ನಾಲ್ಕು ಜನರನ್ನೂ ತಿದ್ದಿದಳು. ಮಂಜುನಾಥನಿಗೆ, "ತಂತಿಗೆ ತುರಿಕಿ ಬಂದೈತೇನೋ, ಅಷ್ಟ್ಯಾಕ ಕೆರೀತಿ" ಎಂದಳು. ಕೊನೆಯ ನುಡಿ ಬಂದಾಗ ಕೈ ಎತ್ತಿದಳು. "ಇಲ್ಲಿ ಎಲ್ಲಾರೂ ಸುಮ್ನಾಗ್ರಿ. ಗುರುವಿನ ಹೆಸರಿಗೆ ಡೋಲು ಬ್ಯಾಡ, ಬರೀ ಧ್ವನಿ ಇರಲಿ." ದಾದಾಪೀರ ಕೋಲು ತೊಡೆಯ ಮೇಲಿಟ್ಟ. ಸವಿತಾಳ ಒಂಟಿ ಧ್ವನಿ ತಗಡಿಗೆ ಬಡಿದು ಬಂತು. ಅಷ್ಟು ಹೊತ್ತು ಸಪ್ಪಳ ಕೇಳಿದ ಮೇಲೆ ಬಂದ ಆ ಮೌನಕ್ಕೆ ನನ್ನ ಮೈ ಜುಂ ಎಂದಿತು. ಗೋಡೆಯಾಚೆಯಿಂದ ಗಂಗಕ್ಕನೂ, "ಇದು ಖರೇ ಪದಾ ಅಂದ್ರ" ಎಂದಳು.

ದೀಪಾವಳಿಯ ಹೊತ್ತಿಗೆ ಹಿರೇಕೆರೂರಿನಲ್ಲಿ ಹಾಡಿದರು. ಮೂರು ದಿನ ಮೊದಲಷ್ಟೇ ಹುಬ್ಬಳ್ಳಿಯಲ್ಲಿ ಅವ್ವನ ಕಣ್ಣಿನ ಆಪರೇಷನ್ ಆಗಿತ್ತು, ಮೆಹಬೂಬಿಯನ್ನು ಅವಳ ಜೊತೆಗಿಟ್ಟು ನಾನು ಹೋದೆ. ಪದ ಶುರುವಾದಾಗ ಮಂದಿ ಮಾತಾಡುತ್ತಿದ್ದರು. ಎರಡನೆಯ ನುಡಿಗೆ ತಲೆ ಎತ್ತಿದರು. ಕೊನೆಯ ನುಡಿಗೆ ಡ್ರಮ್ಮು ನಿಂತಿತು. ಬೆಂಡಿಗೇರಿ ಗುರುವಿನ ಹೆಸರು ಹಿರೇಕೆರೂರಿನ ಗಾಳಿಯಲ್ಲಿ ಒಂದೇ ದನಿಯಲ್ಲಿ ತೇಲಿಹೋಯಿತು. ನಾನು ಮೊಬೈಲಿನಲ್ಲಿ ಹಿಡಿದೆ ಎಂದುಕೊಂಡಿದ್ದೆ. ಮನೆಗೆ ಬಂದು ನೋಡಿದರೆ ನನ್ನ ಸೀರೆಯ ನೆರಿಗೆಯ ಒಂದು ಫೋಟೋ ಮಾತ್ರ ಇತ್ತು. ಹೋಗಲಿ, ನನ್ನ ಕಿವಿಗಾದರೂ ಬಿತ್ತು. ಆ ಪದ ಮಂದಿಯ ಮುಂದೆ ನಾಕೂರಿನ ಬಾಯಲ್ಲಿ ಪೂರ್ತಿ ಬಂದದ್ದು ಅದೊಂದೇ ಸಲ.

ಅಂದು ಬೆಂಗಳೂರಿನಿಂದ ಬಂದಿದ್ದ, ಹಾಡು ರೆಕಾರ್ಡು ಮಾಡಿಸುವ ಒಬ್ಬ ಗೃಹಸ್ಥ ಹಾಡು ಮುಗಿದ ಮೇಲೆ ಸವಿತಾಳ ಹತ್ತಿರ ಬಹಳ ಹೊತ್ತು ಮಾತಾಡಿದ. ನಾನು ದೂರ ನಿಂತು, ನಮ್ಮ ಹುಡುಗಿಗೆ ಒಳ್ಳೆಯದಾಯಿತು ಎಂದುಕೊಂಡೆ.

ಸವಿತಾ ಬಂದು ಅವ್ವನಿಗೆ ಮಾತು ಕೊಟ್ಟಳು. "ಆಯಿ, ಸಂಕ್ರಾಂತಿಗಿಂತ ಮೊದಲ ಶಿಗ್ಗಾಂವ್ಯಾಗ ದೊಡ್ಡ ಪ್ರೋಗ್ರಾಂ ಐತಿ. ನಿನ್ನ ಮುಂದಿನ ಸಾಲಿನ್ಯಾಗ ಕುಂದ್ರಸತೇನಿ. ನಿನ್ನ ಗುರುವಿನ ಹೆಸರು ಇಡೀ ಶಿಗ್ಗಾಂವಿ ಕೇಳಬೇಕು."

ಅವ್ವ ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಊರಿಗೆ ಫೋನು ಮಾಡಿಸಿದಳು. ಗುರುವಿನ ಹೆಸರು ಹೇಳುವವರೇ ಇಲ್ಲವಾಗಿದ್ದಾರೆ, ಮಠದ ಮಾಡು ಬಿದ್ದಿದೆ, ಈಗ ಮೈಕಿನಲ್ಲಿ ಬರುತ್ತದೆ, ಎಲ್ಲರೂ ಬರ್ರಿ ಎಂದಳು. ಕಾರ್ಯಕ್ರಮದ ದಿನ ಬೆಂಡಿಗೇರಿಯಿಂದ ಒಂದು ಟಂಟಂ ರಿಕ್ಷಾ ತುಂಬ ಮೇಳದ ಹೆಂಗಸರು ಬಂದಿದ್ದರು, ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದು, ಹಣೆಗೆ ವಿಭೂತಿ ಹಚ್ಚಿಕೊಂಡು. ಅವ್ವ ಹೊಸ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಳು. ಸಂಜೆಯ ಬಿಸಿಲು ಇನ್ನೂ ಇತ್ತು. ಸ್ಟೇಜಿನ ಬಣ್ಣದ ಪರದೆ ನೋಡಿ, "ಎಲ್ಲಾ ಕಾಣತೈತಿ ಗಿರಿಜಾ, ದಾದಾನ ಡೋಲಿನ ಮ್ಯಾಲಿನ ಅಕ್ಷರ ಸೈತ" ಎಂದಳು. ಆ ಮಾತಿಗೆ ನಾನು ಇವತ್ತಿಗೂ ಶಿವನಿಗೆ ಶರಣು ಎನ್ನುತ್ತೇನೆ. ಮುಂದಿನದು ಏನೇ ಆಗಲಿ, ಅವ್ವ ಬೆಳಕು ನೋಡಿದಳು.

ಸವಿತಾ ಮೈಕಿನ ಮುಂದೆ ಬಂದಳು. "ಈಗ ಹಾಡೂದು ನನ್ನ ಹಾಡು. ಒಂದು ಮಧ್ಯಾಹ್ನ ತಾನಾಗೇ ನನ್ನೊಳಗ ಹುಟ್ಟಿ ಬಂದದ್ದು" ಎಂದಳು.

ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದು ನಮ್ಮ ಮನೆಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಅವ್ವನಿಗೆ ಅದು ತಲುಪಿತೋ ಇಲ್ಲವೋ, ಅವಳು ಆಗಲೇ ಕಿವಿಯ ಹಿಂದೆ ಅಂಗೈ ಇಟ್ಟಾಗಿತ್ತು. ಯಾರ ಹೊಲದ ಕಾಳೋ ಎಂದು ಶುರುವಾಯಿತು. ಮಂದಿ ಎದ್ದು ನಿಂತು ಕುಣಿದರು. ಒಂದು ನುಡಿ, ಎರಡು ನುಡಿ, ಮೂರು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಮೇಳದ ಹೆಂಗಸರು ಕೈ ಜೋಡಿಸಿದರು. ಇನ್ನು ಎಲ್ಲ ನಿಲ್ಲಬೇಕು.

ನಿಲ್ಲಲಿಲ್ಲ. ಮಂಜುನಾಥನ ಗಿಟಾರು ಕಿರುಚಿಕೊಂಡು ಮೇಲೆದ್ದಿತು, ಡ್ರಮ್ಮು ಅದರ ಹಿಂದೆ ಬಿತ್ತು. ಆ ಸಪ್ಪಳದ ನಡುವೆ ಅವ್ವ ತಾನೇ ಆ ನುಡಿ ಎತ್ತಿಕೊಂಡಳು. ಬಿತ್ತಿದ ಕೈಯಿ ಕೇಳಿದರ ಹೇಳೋ. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಪಕ್ಕದಲ್ಲಿ ಕೂತ ನನಗೇ ಕೇಳಿಸುತ್ತಿರಲಿಲ್ಲ. ಕೊರಳಿನ ನರ ಉಬ್ಬಿದ್ದವು. ಸವಿತಾ ಅದನ್ನು ನೋಡಿದಳು. ನೋಡಿ, ಮೈಕು ಹಿಡಿದು ಸ್ಟೇಜಿನ ಆ ಕಡೆಯ ಮೂಲೆಗೆ ಹೋದಳು. ಅವ್ವ ಗುರುವಿನ ಹೆಸರಿಗೆ ಬರುವುದರೊಳಗೆ ಹಾಡು ಮುಗಿದು ಚಪ್ಪಾಳೆ ಬಿದ್ದುಬಿಟ್ಟಿತ್ತು.

ನಾನು ಸ್ಟೇಜಿನ ಹಿಂದೆ ಹೋದೆ. ಸವಿತಾ ನೀರು ಕುಡಿಯುತ್ತಿದ್ದಳು.

"ಕೊನೀ ನುಡಿ ಯಾಕ ಬಿಟ್ಟೆವಾ?"

"ಅಕ್ಕಾ, ಹಾಡು ಮೂರು ನಿಮಿಷ ದಾಟಿದ್ರ ಮಂದಿ ಕೇಳೂದಿಲ್ಲಂತ. ಮತ್ತ ಒಂದು ಹಳ್ಳಿ ಹೆಸರು ಬಂತಂದ್ರ ಹೊರಗಿನವರಿಗೆ ತಿಳಿಯೂದಿಲ್ಲ."

"ಪದಾ ನಿಂದಂತ ಹೇಳಿದೆಲ್ಲ?"

"ಬೆಂಗಳೂರಿನವರು ಹಂಗ ಹೇಳಂದ್ರು. ಅಚ್ಚಾದ ಪದಾ ಅಲ್ಲಲ್ಲ ಅಕ್ಕಾ, ಯಾರದಂತ ಹೆಂಗ ಹೇಳೂದು?"

"ನೀ ಕುಂತು ಕಲತದ್ದು ಯಾರ ಕಾಲಾಗ?"

ಆ ಬೆಂಗಳೂರಿನ ಗೃಹಸ್ಥ ಕರೆದ, ಹೋದಳು. ದಾದಾಪೀರ ಅಲ್ಲೇ ಕೂತು ಡ್ರಮ್ಮಿನ ಸ್ಕ್ರೂ ಬಿಚ್ಚುತ್ತಿದ್ದ. ಒಂದೇ ಸ್ಕ್ರೂ ಬಿಚ್ಚುವುದು, ಮತ್ತೆ ತಿರುವುವುದು. ತಲೆ ಎತ್ತಲಿಲ್ಲ.

ಹೊರಗೆ ಮೇಳದ ಹೆಂಗಸರು ಅವ್ವನನ್ನು ಸುತ್ತುವರಿದಿದ್ದರು. "ಯಾಕ ನೀಲವ್ವಕ್ಕಾ, ಗುರುವಿನ ಹೆಸರ ಬರಲಿಲ್ಲಲ್ಲ? ಇದಕ್ಕ ಕರಸಿದೇನ ನಮ್ಮನ್ನ?"

ಅವ್ವ ಹೇಳಿದಳು, "ಅವರದೇನು ತಪ್ಪಿಲ್ಲವಾ. ವಯಸ್ಸಾತಲ್ಲ, ಕೊನೀ ನುಡಿ ಕಲಸೂದ ನಾನ ಮರತೆ."

ಜೀವಮಾನದಲ್ಲಿ ಪದದ ವಿಷಯಕ್ಕೆ ಅವಳು ಹೇಳಿದ ಒಂದೇ ಸುಳ್ಳು ಅದು. ಅದೂ ತನ್ನ ಮೇಲೆ ಹಾಕಿಕೊಂಡು ಹೇಳಿದ್ದು. ಟಂಟಂ ಹೊರಟಿತು. ಒಬ್ಬಳು ಮುದುಕಿ ಹತ್ತುವಾಗ, "ನಲವತ್ತು ವರ್ಷ ಹಾಡಿದಾಕಿ" ಎಂದು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು, ಅವ್ವನಿಗೂ ಕೇಳಿಸಿತು.

ಸವಣೂರಿನ ಹಾದಿಯಲ್ಲಿ ಗಾಡಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಅವ್ವಾ, ಅಕಿ ಅವತ್ತು ಎಲಿ ತಿಂದಿದ್ದಿಲ್ಲ. ಬ್ಯಾಗಿನ್ಯಾಗ ಇಟ್ಟುಕೊಂಡ್ಲು."

"ಗೊತ್ತಿತ್ತು."

"ಹೆಂಗ?"

"ಪರಿ ಬಂದಿದ್ದು ಕಣ್ಣಿಗೆ, ಮೂಗಿಗಲ್ಲ. ಎಲಿ ತಿಂದ ಬಾಯಿ ವಾಸನಿ ನನಗ ಗೊತ್ತಾಗೂದಿಲ್ಲೇನು?"

"ಮತ್ತ ಯಾಕ ಕಲಿಸಿದಿ?"

"ಕೇಳಿದವರಿಗೆ ಇಲ್ಲ ಅನಬಾರದು. ಹಾಡತಾ ಹಾಡತಾ ನುಂಗತಾಳ ಅಂದುಕೊಂಡೆ." ಹೊರಗೆ ನೋಡಿದಳು. ಬೆಳದಿಂಗಳಲ್ಲಿ ಹೊಸ ಕಣ್ಣಿಗೆ ಜೋಳದ ಹೊಲ ಕಾಣುತ್ತಿದ್ದವು. ಆಮೇಲೆ ತಿರುಗದೆಯೇ ಕೇಳಿದಳು. "ಅಕಿ ಹೊರಗಿನಾಕಿ ಗಿರಿಜಾ. ನೀ ಯಾಕ ಮುಚ್ಚಿಟ್ಟಿ?"

ಸವಿತಾ ಮಾಡಿದ್ದನ್ನು ನಾನು ಸಾವಿರ ಸಲ ಬೈದಿದ್ದೇನೆ. ಈ ಪ್ರಶ್ನೆ ಬಂದಾಗ ಮಾತ್ರ ನನ್ನ ಬೈಗುಳ ಬಾಯಲ್ಲೇ ನಿಲ್ಲುತ್ತದೆ.

ಮರುವಾರ ದಾದಾಪೀರ ಬಂದ. ಅವ್ವನ ಮುಂದೆ ಕೂತ. "ಆಯಿ, ನನಗ ಹಾಡಾಕಂತೂ ಬರೂದಿಲ್ಲ. ಆದರ ಎಲಿ ತಿಂತೇನಿ, ಕೊಡು" ಎಂದ. ಅವ್ವ ಕೊಟ್ಟಳು. ಅಗಿದು ನುಂಗಿದ, ಸುಣ್ಣ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು, "ಸುಣ್ಣಕ್ಕರಿ" ಎಂದ. ಅವ್ವ ನಕ್ಕಳು. ಆ ಚಳಿಗಾಲದಲ್ಲಿ ಅವಳು ನಕ್ಕದ್ದು ಎಂದರೆ ಅಷ್ಟೇ. ಆದರೂ ಬ್ಯಾಂಡು ಬೆಂಗಳೂರಿಗೆ ಹೊರಟಾಗ ಅವನೂ ಅವರ ಜೊತೆಗೇ ಹೋದ. ಎರಡು ಮಕ್ಕಳ ತಂದೆ, ಹೋಗಬೇಡ ಎನ್ನಲು ನಾನು ಯಾರು.

ಅವ್ವ ಮತ್ತೆ ಆ ಪದ ಹೇಳಲಿಲ್ಲ. ಬೇರೆ ಪದ ಹೇಳುತ್ತಿದ್ದಳು, ಅದನ್ನು ಬಿಟ್ಟು. ಶಿವರಾತ್ರಿಯ ವಾರ, ಬೆಳಗಿನ ಹೊತ್ತು, ಇಷ್ಟಲಿಂಗದ ಪೂಜೆ ಮುಗಿಸಿ ಗೋಡೆಗೆ ಒರಗಿದವಳು ಏಳಲಿಲ್ಲ. ನೋವಿಲ್ಲದೆ ಹೋದಳು, ಅದೂ ಒಂದು ಕೃಪೆ. ಬೆಂಡಿಗೇರಿಯ ಮೇಳದವರು ಬಂದು ದಾರಿಯುದ್ದಕ್ಕೂ ಭಜನೆ ಮಾಡಿದರು. "ಅಕಿ ಗುರುವಿನ ಪದಾ ನೀ ಹೇಳು" ಎಂದು ನನಗೆ ಹೇಳಿದರು. ನಾನು ಆಗದು ಎಂದು ಕೈಮುಗಿದೆ. ಗುರುವಿನ ಹೆಸರಿಲ್ಲದೆಯೇ ಅವ್ವನನ್ನು ಕಳಿಸಿಕೊಟ್ಟೆವು.

ನಾಕೂರಿನ ಮುಂದಿನ ಕಥೆ ಎಲ್ಲರಿಗೂ ಮೊಬೈಲಿನಲ್ಲಿ ಗೊತ್ತು. ಆ ಹಾಡು ಎಲ್ಲಿ ಹೋದರೂ ಕೇಳಿಸತೊಡಗಿತು. ಬಸ್ಸಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಮಗಳ ಊರಿನಲ್ಲಿ ಕೂಸಿನ ತೊಟ್ಟಿಲ ಕಾರ್ಯದಲ್ಲಿ. ಎಲ್ಲಾ ಕಡೆ ಮೂರೇ ನುಡಿ. ಯಾರ ಹೊಲದ ಕಾಳೋ ಎಂದು ಕೇಳಿ, ಉತ್ತರ ಇಲ್ಲದೆ ನಿಂತುಬಿಡುವ ಹಾಡು. ಒಂದು ಸಂದರ್ಶನದಲ್ಲಿ ಸವಿತಾಳಿಗೆ ನಾಕೂರು ಎಂಬ ಹೆಸರು ಹೇಗೆ ಬಂತು ಎಂದು ಕೇಳಿದರು. ಕನಸಿನಲ್ಲಿ ಬಂತು ಎಂದಳು. ನಾನು ಎದ್ದು ಶೆಡ್ಡಿಗೆ ಹೋಗಿ ಕಂಬದ ಮೇಲಿನ ಸುಣ್ಣದ ಅಕ್ಷರ ನೋಡಿ ಬಂದೆ. ಎರಡು ವರ್ಷಕ್ಕೆ ಆ ನಾಲ್ವರೂ ತಮ್ಮತಮ್ಮಲ್ಲೇ ಜಗಳಾಡಿ ಮುರಿದುಕೊಂಡರು. ಬಸನಗೌಡ ಊರಿಗೆ ಬಂದು ಹೊಲ ನೋಡಿಕೊಂಡ. ದಾದಾಪೀರ ಅಪ್ಪನ ಲಗ್ನದ ಬ್ಯಾಂಡಿಗೆ ಮರಳಿದ. "ಮದಿಮಗ ಇದ್ರ ಛಲೋರಿ ಅಕ್ಕಾರ, ಯಾರ ಸಲುವಾಗಿ ಬಾರಸತೇವಿ ಅಂತ ಗೊತ್ತಿರತೈತಿ" ಎಂದ.

ಈ ಶ್ರಾವಣದ ಎರಡನೆಯ ಸೋಮವಾರ ಸವಿತಾ ಬಂದಳು. ಬಾಡಿಗೆ ಕಾರಿನಲ್ಲಿ, ಒಬ್ಬಳೇ. ಮುಖ ಬಡವಾಗಿತ್ತು. ಅವ್ವನ ಫೋಟೋ ನೋಡಿ ಕೈಮುಗಿದಳು. ಚಹಾ ಕೊಟ್ಟೆ. ಕಪ್ಪು ತೊಳೆಯುತ್ತೇನೆ ಎನ್ನಲಿಲ್ಲ.

"ಅಕ್ಕಾ, ಈಗ ಒಬ್ಬಾಕೀನ ಹಾಡತೇನಿ. ಹೋದಲ್ಲೆಲ್ಲಾ, ಈ ಹಾಡು ಮುಗದಂಗ ಅನಸೂದಿಲ್ಲ, ಇನ್ನೊಂದು ನುಡಿ ಇರಬೇಕಲ್ಲ ಅಂತ ಕೇಳತಾರ. ನನಗ ಮರತ ಹೋಗೈತಿ. ಆ ಕೊನೀ ನುಡಿ ಒಂದೀಟು ಹೇಳು."

ಇಲ್ಲ ಎನ್ನಬೇಕು ಎಂದು ನಾಲಿಗೆಯ ತುದಿಗೆ ಬಂತು. ನನಗೂ ಮರೆತಿದೆ ಎಂದರೆ ಮುಗಿಯುತ್ತಿತ್ತು. ಅವ್ವನ ಫೋಟೋದ ಕಡೆ ನೋಡಿದೆ. ಕೇಳಿದವರಿಗೆ ಇಲ್ಲ ಅನಬಾರದು. ಬೆಳಿಗ್ಗೆ ಬಂದ ಗಂಟಿನಿಂದ ಒಂದು ಎಲೆ ಆರಿಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿದೆ.

"ಮೊಬೈಲ್ ಬಂದ್ ಮಾಡು. ಮೊದಲ ಇದನ್ನ ತಿನ್ನು, ಆಮ್ಯಾಲೆ ಪದಾ."

ಅವಳು ಮೊಬೈಲ್ ಬಂದ್ ಮಾಡಿದಳು. ಆಮೇಲೆ ನನ್ನ ಎದುರಿಗೇ ಬಾಯಿಗೆ ಹಾಕಿಕೊಂಡು ಅಗಿದಳು. ನಾನು ಕಣ್ಣು ಮುಚ್ಚಿ, ಏಳು ವರ್ಷದ ಮೇಲೆ ಮೊದಲ ಸಲ ಆ ನುಡಿ ಎತ್ತಿದೆ. ಬಿತ್ತಿದ ಕೈಯಿ, ಹೊತ್ತ ಹೆಗಲು, ಬೆಂಡಿಗೇರಿ ಗುರುವಿನ ಕೂರಿಗಿ. ಮೂರು ಸಲ ಹೇಳಿದೆ. ಅವಳು ಎಲೆಯನ್ನು ಒಂದು ಕೆನ್ನೆಗೆ ಒತ್ತರಿಸಿಕೊಂಡು ನನ್ನ ಹಿಂದೆ ಸಣ್ಣಗೆ ಹೇಳಿಕೊಂಡಳು. ಹೋಗುವಾಗ ಕಾಲಿಗೆ ಬಿದ್ದಳು. "ಈ ಸಲ ಪೂರ್ತಿ ಹಾಡತೇನಿ ಅಕ್ಕಾ, ನಿನ್ನಾಣಿ." ಕೆನ್ನೆ ಇನ್ನೂ ಉಬ್ಬಿಯೇ ಇತ್ತು. ನನ್ನ ಆಣೆ ಯಾಕೆ, ನಿನ್ನದು ಇಡು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಕಾರು ಹೋದ ಮೇಲೆ ಅಂಗಳಕ್ಕೆ ನೀರು ಹಾಕಲು ತಂಬಿಗೆ ಹಿಡಿದು ಹೋದೆ. ಗೇಟಿನ ಬುಡದಲ್ಲಿ, ಕಲ್ಲಿನ ಮೇಲೆ, ಎಲೆಯ ಉಂಡೆ ಬಿದ್ದಿತ್ತು. ನಾಲ್ಕು ಸಲ ಅಗಿದಿದ್ದಳೇನೋ. ಅಡಿಕೆ ಹೋಳು ಒಡೆದೇ ಇರಲಿಲ್ಲ.

ತಂಬಿಗೆಯ ನೀರು ಸುರಿದು ತೊಳೆದೆ. ಒಳಗೆ ಬಂದು ಜಗಲಿಯ ಮುಂದೆ ದೀಪ ಹಚ್ಚಿ, ಅವ್ವನ ಫೋಟೋಕ್ಕೆ ಹೇಳಿದೆ. "ಅವ್ವಾ, ಈ ಸಲಾನೂ ಅಕಿ ನುಂಗಲಿಲ್ಲ. ಗೇಟಿನ್ಯಾಗ ಉಗಳಿ ಹೋಗ್ಯಾಳ."

ಹೇಳಿದ ಮೇಲೆ ಒಂದು ಎಲೆ ಮಡಚಿ ನಾನೇ ಬಾಯಿಗೆ ಹಾಕಿಕೊಂಡು, ಪೂರ್ತಿ ಅಗಿದು ನುಂಗಿದೆ. ಖಾರ ಎದೆಯವರೆಗೆ ಇಳಿಯಿತು. ಆಮೇಲೆ ಪದ ಶುರು ಮಾಡಿದೆ, ಯಾರ ಹೊಲದ ಕಾಳೋ ಎಂಬಲ್ಲಿಂದ, ನಾಲ್ಕೂ ನುಡಿ.